ಗಿಳಿಯ ಹಟವೂ ಗಿಳಿಯ ಊಟವೂ



ಗಿಳಿಗೆ ಊಟ ಹಾಕುವುದು ಹೇಗೆಂಬುದೂ ಒಂದು ಭಾಷಣಕ್ಕೆ ತಕ್ಕ ವಿಷಯವೇ ಎಂದು ತಮ್ಮಲ್ಲಿ ಕೆಲವರಾದರೂ ಹುಬ್ಬೇರಿಸಿರಬಹುದು. ಮೂರು ವರ್ಷಗಳ ಹಿಂದೆ ನಾನೂ ಹಾಗೆಯೇ ಹುಬ್ಬೇರಿಸುತ್ತಿದ್ದೆ. ಒಂದು ಬಟ್ಟಲಲ್ಲಿ ಕಾಳು, ಇನ್ನೊಂದರಲ್ಲಿ ನೀರು, ಆಗಾಗ ಒಂದು ಹಸಿಮೆಣಸಿನಕಾಯಿ. ಇಷ್ಟಾದರೆ ಗಿಳಿ ಸಾಕುವ ಶಾಸ್ತ್ರವೆಲ್ಲ ಮುಗಿಯಿತೆಂದೇ ನನ್ನ ಭಾವನೆಯಾಗಿದ್ದಿತು. ಆ ಭಾವನೆ ಒಂದು ದಿನ ಬೆಳಗ್ಗೆ ಮುರಿದುಬಿದ್ದ ಬಗೆಯನ್ನು ಹೇಳಿ, ಅನಂತರ ನಾನು ಕಲಿತುಕೊಂಡುದನ್ನು ತಮ್ಮ ಮುಂದಿಡುತ್ತೇನೆ.

ಮೊದಲಿಗೆ, ಯಾವ ಗಿಳಿ ಎಂಬುದನ್ನು ಸ್ಪಷ್ಟಪಡಿಸಬೇಕು. ನಮ್ಮ ತೋಪುಗಳಲ್ಲಿ ಕಿರುಚುತ್ತ ಹಾರಾಡುವ, ಕೊರಳಿಗೆ ಗುಲಾಬಿಯ ಪಟ್ಟಿಯುಳ್ಳ ಹಸಿರು ಗಿಳಿಯ ಮಾತನ್ನು ನಾನು ಆಡುತ್ತಿಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಆಶ್ರಯದಲ್ಲಿರುವ ಪಕ್ಷಿ. ಅದನ್ನು ಹಿಡಿಯುವುದಾಗಲಿ, ಮಾರುವುದಾಗಲಿ, ಮನೆಯಲ್ಲಿ ಇಟ್ಟುಕೊಳ್ಳುವುದಾಗಲಿ ಅಪರಾಧ. ನಮ್ಮ ಅಜ್ಜಂದಿರ ಜಗಲಿಗಳಲ್ಲಿ ಅದರ ಪಂಜರ ತೂಗುತ್ತಿದ್ದಿತೆಂಬುದು ಈಗ ಸಮರ್ಥನೆಯಾಗಲಾರದು. ಇಂದು ನಮ್ಮ ಊರುಗಳ ಮನೆಗಳಲ್ಲಿ ನ್ಯಾಯವಾಗಿ ಇರುವವು ಪರದೇಶದ ಜಾತಿಗಳು: ಆಸ್ಟ್ರೇಲಿಯಾದ ಬಜ್ಜರಿಗರ್ ಮತ್ತು ಕಾಕಟೀಲ್, ಆಫ್ರಿಕದ ಲವ್‌ಬರ್ಡ್, ಹಾಗೂ ಅಲ್ಲಿಯದೇ ಆದ ದೊಡ್ಡ ಬೂದುಗಿಳಿ. ಈ ಕೊನೆಯದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಿಂದ ಬಹು ಬಿಗಿಯಾದ ಕಟ್ಟುಪಾಡುಗಳಿವೆ. ನಮ್ಮಲ್ಲಿ ಇದನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಸರ್ಕಾರಕ್ಕೆ ತಿಳಿಸಿ ನೋಂದಣಿ ಮಾಡಿಸತಕ್ಕದ್ದು.

ಇಂತಹ ಬೂದುಗಿಳಿಯೊಂದು ನನ್ನ ಷಡ್ಡಕರ ಮನೆಯಲ್ಲಿ ಬೆಳೆದದ್ದು, ಅವರು ಹೊರದೇಶಕ್ಕೆ ಹೋಗಿ ನೆಲೆಸಿದ ಕಾರಣ, ಕಾಗದಪತ್ರಗಳ ಸಮೇತ ನಮ್ಮ ಮನೆಗೆ ಬಂದಿತು. ಆಗ ಅದಕ್ಕೆ ಎಂಟು ವರ್ಷ. ನಲವತ್ತು ಐವತ್ತು ವರ್ಷ ಬಾಳಬಲ್ಲ ಹಕ್ಕಿಗೆ ಅದು ಎಳೆಯ ಪ್ರಾಯವೇ ಸರಿ. ಬೂದು ಶಾಲನ್ನು ಹೊದ್ದಂತಿದ್ದು, ಹಿಂದೆ ಕೆಂಪು ಬಾಲದ ಅಂಚು ಕಾಣುತ್ತ, ಕತ್ತನ್ನು ಓರೆಮಾಡಿ ನಮ್ಮ ಮಾತನ್ನು ಪರೀಕ್ಷಿಸುವ ಅದರ ಭಂಗಿಯನ್ನು ಕಂಡು ಅವರು ಅದಕ್ಕೆ ಪಂಡಿತನೆಂದು ಹೆಸರಿಟ್ಟಿದ್ದರು. ಹೆಸರಿಗೆ ತಕ್ಕಂತೆ ಹಟವೂ ಇದ್ದಿತು.

ಪಂಡಿತನೊಡನೆ ಒಂದು ದೊಡ್ಡ ಡಬ್ಬಿಯೂ ಬಂದಿತು. ಅದರಲ್ಲಿ ಏಳು ಬಗೆಯ ಕಾಳುಗಳ ಮಿಶ್ರಣ: ಸೂರ್ಯಕಾಂತಿ, ಕುಸುಬೆ, ನವಣೆ, ಸಜ್ಜೆ, ಮುಸುಕಿನ ಜೋಳ, ಓಟ್ಸ್, ಕಡಲೆಕಾಯಿ. ಡಬ್ಬಿಯ ಮೇಲೆ ‘ಸಮತೂಕದ ಆಹಾರ’ ಎಂಬ ಅಭಿಪ್ರಾಯ ಕೊಡುವ ಮಾತು ಅಚ್ಚಾಗಿದ್ದಿತು. ಪಂಡಿತನು ದಿನಕ್ಕೆ ಎರಡು ಸಲ ಬಟ್ಟಲ ಮುಂದೆ ಕುಳಿತು, ಕಪ್ಪು ನಾಲಗೆಯಿಂದ ಕಾಳನ್ನು ತಿರುಗಿಸಿ, ಸಿಪ್ಪೆಯನ್ನು ಬಿಡಿಸಿ, ತಿರುಳನ್ನು ನುಂಗುವ ಜಾಣತನವನ್ನು ನೋಡುವುದೇ ನಮಗೆ ಒಂದು ವಿನೋದವಾಗಿದ್ದಿತು. ಹಣ್ಣಿನ ಹೋಳನ್ನಿಟ್ಟರೆ ಹಿಂದಕ್ಕೆ ಸರಿಯುವುದು. ಗಜ್ಜರಿಯನ್ನಿಟ್ಟರೆ ಎತ್ತಿ ಕೆಳಕ್ಕೆ ಹಾಕಿ, ಅದು ಬಿದ್ದ ಜಾಗವನ್ನು ಬಗ್ಗಿ ನೋಡಿ ಸಂತೋಷಪಡುವುದು. ‘ಇದರ ರುಚಿಯೇ ಬೇರೆ’ ಎಂದು ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಪುಕ್ಕ ಮಿನುಗುತ್ತಿದ್ದಿತು, ಶಿಳ್ಳೆ ಜೋರಾಗಿತ್ತು. ಹಕ್ಕಿಗೆ ಯಾವ ಕೊರತೆಯಿದ್ದೀತು?

ಬಂದ ಐದನೆಯ ತಿಂಗಳು. ಬೆಳಗ್ಗೆ ಏಳು ಗಂಟೆಯ ಸಮಯ. ಪಂಜರದಿಂದ ಧೊಪ್ಪನೆ ಸದ್ದಾಯಿತು. ಹೋಗಿ ನೋಡುವಷ್ಟರಲ್ಲಿ ಪಂಡಿತನು ಅಡ್ಡಕೋಲಿನಿಂದ ಕೆಳಗೆ ಬಿದ್ದು, ರೆಕ್ಕೆಗಳನ್ನು ಬಡಿಯುತ್ತ, ಕಾಲ್ಬೆರಳುಗಳನ್ನು ಮುಷ್ಟಿ ಹಿಡಿದಂತೆ ಬಿಗಿದುಕೊಂಡು ಅದುರುತ್ತಿದ್ದಿತು. ಒಂದು ನಿಮಿಷವಿದ್ದೀತು, ನಮಗೆ ಅದು ಒಂದು ಜಾವವಾಯಿತು. ಆಮೇಲೆ ನಿಶ್ಶಕ್ತವಾಗಿ ಮೂಲೆಗೆ ಒರಗಿಕೊಂಡಿತು. ಟವಲಿನಲ್ಲಿ ಸುತ್ತಿ, ಹಕ್ಕಿಗಳ ಚಿಕಿತ್ಸೆಯನ್ನೇ ವಿಶೇಷವಾಗಿ ಅಭ್ಯಾಸ ಮಾಡಿದ ಪಶುವೈದ್ಯರೊಬ್ಬರ ಬಳಿಗೆ ಒಯ್ದೆವು.

ವೈದ್ಯರು ಹಕ್ಕಿಯನ್ನು ಕೈಗೆ ತೆಗೆದುಕೊಳ್ಳುವುದಕ್ಕೆ ಮೊದಲೇ ಕೇಳಿದರು: “ಇದು ಏನು ತಿನ್ನುತ್ತದೆ?”

“ಏಳು ಬಗೆಯ ಕಾಳು ಹಾಕುತ್ತೇವೆ” ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ನೀವು ಏನು ಹಾಕುತ್ತೀರಿ ಎಂದು ನಾನು ಕೇಳಲಿಲ್ಲ, ಸ್ವಾಮಿ. ಅದು ಏನು ತಿನ್ನುತ್ತದೆ ಎಂದು ಕೇಳಿದೆ.”

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ರಕ್ತವನ್ನು ಪರೀಕ್ಷಿಸಿದಾಗ ಅದರಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಅಪಾಯದ ಮಟ್ಟಕ್ಕೆ ಇಳಿದಿದ್ದಿತು. ಬೂದುಗಿಳಿಯ ಜಾತಿಯಲ್ಲಿ ಈ ದೋಷ ವಿಶೇಷವಾಗಿ ಕಂಡುಬರುವುದು; ನರಗಳೂ ಸ್ನಾಯುಗಳೂ ಕ್ರಮ ತಪ್ಪಿ ಹೀಗೆ ಸೆಳೆತ ಬರುವುದು. ಚುಚ್ಚುಮದ್ದಿನಿಂದ ಅಂದಿನ ಪ್ರಾಣಾಪಾಯ ಕಳೆಯಿತು. ಅನಂತರ ಅವರು ಹಕ್ಕಿಯ ಬಾಯನ್ನು ತೆರೆದು, ಸಣ್ಣ ದೀಪವನ್ನು ಹಿಡಿದು, ಅಂಗುಳಿನ ನಡುವಣ ಸೀಳನ್ನು ತೋರಿಸಿದರು. ಆರೋಗ್ಯವಂತ ಗಿಳಿಯಲ್ಲಿ ಆ ಸೀಳಿನ ಅಂಚಿಗೆ ಸಣ್ಣ ಮುಳ್ಳುಗಳಂತಹ ಮೃದುವಾದ ಮೊನೆಗಳು ಸಾಲಾಗಿರುತ್ತವಂತೆ. ನಮ್ಮ ಪಂಡಿತನಿಗೆ ಅವು ಸವೆದು ಮೊಂಡಾಗಿದ್ದವು. ‘ಎ’ ಜೀವಸತ್ವವು ಬಹುಕಾಲ ಸಾಲದೆ ಹೋದಾಗ ಬಾಯಿ, ಮೂಗು, ಶ್ವಾಸನಾಳಗಳ ಒಳಪೊರೆ ಗಡುಸಾಗುವುದು. ಆ ಪೊರೆಯೇ ರೋಗಾಣುಗಳನ್ನು ತಡೆಯುವ ಕೋಟೆಯಾದುದರಿಂದ, ಕೋಟೆ ಬಿರುಕುಬಿಟ್ಟ ಮೇಲೆ ನೆಗಡಿಯಿಂದ ಹಿಡಿದು ಶ್ವಾಸಕೋಶದ ಬೂಷ್ಟಿನ ರೋಗದವರೆಗೆ ಯಾವುದು ಬೇಕಾದರೂ ಒಳಹೊಗಬಹುದು. ಹೊರಗೆ ಮಿನುಗುತ್ತಿದ್ದ ಹಕ್ಕಿ ಒಳಗೆ ಹಸಿದಿದ್ದಿತು.

ಮನೆಗೆ ಬಂದು, ವೈದ್ಯರ ಅಪ್ಪಣೆಯಂತೆ, ಒಂದು ದಿನದ ಕಾಳನ್ನು ಎಣಿಸಿ ಹಾಕಿ, ಸಂಜೆ ಉಳಿದುದನ್ನೂ ಕೆಳಗೆ ಬಿದ್ದುದನ್ನೂ ಬಿಡಿಸಿ ಎಣಿಸಿದೆವು. ನವಣೆ ಹಾಗೆಯೇ ಇದ್ದಿತು. ಸಜ್ಜೆ, ಓಟ್ಸ್ ಮುಟ್ಟಿರಲಿಲ್ಲ. ಜೋಳ ಕೆಳಗೆ ಬಿದ್ದಿದ್ದಿತು. ಕುಸುಬೆಯಲ್ಲಿ ನಾಲ್ಕಾರು ಹೋಗಿದ್ದವು. ಖಾಲಿಯಾದದ್ದು ಸೂರ್ಯಕಾಂತಿ ಮತ್ತು ಕಡಲೆಕಾಯಿ ಮಾತ್ರ. ಏಳು ಬಗೆಯ ಭೋಜನದಲ್ಲಿ ಪಂಡಿತನು ಎಂಟು ವರ್ಷ ಉಂಡದ್ದು ಎರಡೇ ಬಗೆಯೆಂದು ಅಂದು ನಮಗೆ ಗೊತ್ತಾಯಿತು. ಬಟ್ಟಲಲ್ಲಿ ಇರುವುದು ಬೇರೆ, ಹೊಟ್ಟೆಗೆ ಹೋಗುವುದು ಬೇರೆ. ಇದಕ್ಕಿಂತ ಘೋರವಾದ ಮೋಸವೊಂದೂ ಉಂಟು: ಗಿಳಿಯು ಬಿಡಿಸಿದ ಸಿಪ್ಪೆ ಬಟ್ಟಲೊಳಗೇ ಬೀಳುವುದರಿಂದ, ದೂರದಿಂದ ನೋಡುವವರಿಗೆ ಬಟ್ಟಲು ತುಂಬಿಯೇ ಕಾಣುವುದು. ಯಜಮಾನರು ಊರಿಗೆ ಹೋದಾಗ ನೆರೆಮನೆಯವರು ‘ಕಾಳು ಇದೆ’ ಎಂದುಕೊಂಡು ಸುಮ್ಮನಿದ್ದರೆ, ಹಕ್ಕಿ ಹೊಟ್ಟಿನ ರಾಶಿಯ ಮುಂದೆ ಉಪವಾಸ ಬೀಳಬಹುದು. ಬಟ್ಟಲನ್ನು ಊದಿ ನೋಡುವ ಅಭ್ಯಾಸ ಬಹಳ ಒಳ್ಳೆಯದು.

ಸೂರ್ಯಕಾಂತಿಯ ಬೀಜ ವಿಷವೇನೂ ಅಲ್ಲ. ಅದರ ತಿರುಳಿನಲ್ಲಿ ಸುಮಾರು ಅರ್ಧದಷ್ಟು ಕೊಬ್ಬು. 100 ಗ್ರಾಂ ತಿರುಳಿನಲ್ಲಿ ಕ್ಯಾಲ್ಸಿಯಂ 80 ಮಿಲಿಗ್ರಾಮಿನ ಆಸುಪಾಸು; ರಂಜಕವೋ 600 ಮಿಲಿಗ್ರಾಮಿಗೂ ಮೇಲು. ರಂಜಕ ಇಷ್ಟು ಹೆಚ್ಚಾದಾಗ ಇರುವ ಅಲ್ಪ ಸುಣ್ಣವೂ ಮೈಗೆ ಹತ್ತುವುದು ಕಷ್ಟ. ‘ಎ’ ಜೀವಸತ್ವ ಇಲ್ಲವೇ ಇಲ್ಲವೆನ್ನಬಹುದು. ದಿನವೆಲ್ಲ ಮೈಲಿಗಟ್ಟಲೆ ಹಾರುವ ಹಕ್ಕಿ ಕೊಬ್ಬನ್ನು ಕರಗಿಸಿಕೊಳ್ಳುವುದು. ಎರಡು ಅಡಿ ಪಂಜರದಲ್ಲಿ ಕುಳಿತ ಹಕ್ಕಿಗೆ ಅದು ಯಕೃತ್ತಿನಲ್ಲಿಯೂ ರಕ್ತನಾಳಗಳ ಒಳಗೋಡೆಯಲ್ಲಿಯೂ ಶೇಖರವಾಗುವುದು. ಎಣ್ಣೆಬೀಜವನ್ನೇ ತಿನ್ನುವ ಗಿಳಿಗಳು ನೋಡುನೋಡುತ್ತಿದ್ದಂತೆ ಒಂದು ದಿನ ಸತ್ತುಬೀಳುವುದಕ್ಕೆ ಅನೇಕ ವೇಳೆ ಇದೇ ಕಾರಣ. ‘ದೃಷ್ಟಿ ತಗುಲಿತು’ ಎನ್ನುವವರು ಅಂತಹ ಸಾವನ್ನೇ ಕಂಡವರು.

ಹಾಗೆ ನೋಡಿದರೆ ಗಿಳಿಗೂ ಸೂರ್ಯಕಾಂತಿಗೂ ನಮ್ಮಲ್ಲಿ ಹಳೆಯ ನಂಟೂ ಇಲ್ಲ. ಅಮೆರಿಕ ಖಂಡದ ಈ ಗಿಡ ನಮ್ಮ ದೇಶಕ್ಕೆ ಎಣ್ಣೆಯ ಬೆಳೆಯಾಗಿ ಬಂದದ್ದು 1969ರಲ್ಲಿ. ಆಮೇಲೆ ನಮ್ಮ ನಾಡಿನ ಕಪ್ಪು ಭೂಮಿಯಲ್ಲಿ ಚೆನ್ನಾಗಿ ನೆಲೆಯೂರಿತು. ಬಾಣಭಟ್ಟನ ಕಾದಂಬರಿಯನ್ನು ಓದಿದವರಿಗೆ ಶೂದ್ರಕ ರಾಜನ ಆಸ್ಥಾನಕ್ಕೆ ಬಂದ ವೈಶಂಪಾಯನನೆಂಬ ಗಿಳಿ ನೆನಪಿರಬಹುದು. ಅಂತಃಪುರದಲ್ಲಿ ಊಟವಾಯಿತೇ ಎಂದು ದೊರೆ ವಿಚಾರಿಸಿದಾಗ ಆ ಗಿಳಿ ಹೇಳುವ ಪಟ್ಟಿಯಲ್ಲಿ ನೇರಳೆಯ ರಸವಿದೆ, ದಾಳಿಂಬೆಯಿದೆ, ನೆಲ್ಲಿಯಿದೆ. ಕವಿ ಆಹಾರಶಾಸ್ತ್ರವನ್ನು ಬರೆಯುತ್ತಿರಲಿಲ್ಲ, ನಿಜ. ಆದರೆ ಗಿಳಿಯೆಂದರೆ ಹಣ್ಣುಹಂಪಲಿನ ಪ್ರಾಣಿಯೆಂಬುದನ್ನು ಅವನು ಕಂಡಿದ್ದನು. ಬಗೆಬಗೆಯದನ್ನು ಉಂಡ ಆ ಗಿಳಿಯನ್ನು ನೆನೆದು, ಎರಡೇ ಬಗೆಯ ನಮ್ಮ ಪಂಡಿತನನ್ನು ನೋಡಿದಾಗ ನನಗೆ ನಾಚಿಕೆಯಾಯಿತು.

ಇನ್ನು ಹಟದ ವಿಚಾರ. ಗಿಳಿಯು ಗಜ್ಜರಿಯನ್ನು ಎಸೆಯುವುದು ಗಜ್ಜರಿಯ ರುಚಿ ಹಿಡಿಸದೆ ಅಲ್ಲ. ಅದರ ನಾಲಗೆಯ ರುಚಿಮೊಗ್ಗುಗಳು ಮುನ್ನೂರು ನಾನೂರು ಇದ್ದರೆ ಹೆಚ್ಚು, ನಮಗೆ ಸಾವಿರಗಟ್ಟಲೆ. ಪಂಡಿತನು ಗಜ್ಜರಿಯ ರುಚಿಯನ್ನು ನೋಡಿಯೇ ಇರಲಿಲ್ಲ. ಅದು ಆಹಾರವೆಂಬುದೇ ಅದಕ್ಕೆ ತಿಳಿದಿರಲಿಲ್ಲ. ಕಾಡಿನಲ್ಲಿ ಮರಿಯು ತಾಯ್ತಂದೆಗಳ ಜೊತೆಗೂ ಹಿಂಡಿನ ಜೊತೆಗೂ ಅಲೆದು, ಅವು ತಿನ್ನುವುದನ್ನು ನೋಡಿ, ಇದು ತಿನ್ನತಕ್ಕದ್ದು ಇದು ಅಲ್ಲ ಎಂದು ಕಲಿಯುವುದು. ಕಾಣದ ಪದಾರ್ಥವನ್ನು ಮುಟ್ಟದಿರುವುದು ಅಲ್ಲಿ ಪ್ರಾಣರಕ್ಷಣೆಯ ಉಪಾಯ. ಮನೆಯಲ್ಲಿ ನಾವು ಅದನ್ನೇ ಹಟವೆಂದು ಕರೆಯುತ್ತೇವೆ. ಎಳವೆಯಲ್ಲಿ ಯಾರೂ ಕಲಿಸದೆ ಬರಿಯ ಕಾಳಿನ ಬಟ್ಟಲ ಮುಂದೆ ಬೆಳೆದ ಹಕ್ಕಿಗೆ ಕುಂಬಳಕಾಯಿಯ ಹೋಳೂ ಒಂದು ಕಿತ್ತಳೆ ಬಣ್ಣದ ಮರದ ತುಂಡೂ ಒಂದೇ.

ಆದರೆ ಒಮ್ಮೆ ಅರಿತ ಮೇಲೆ ಅದರ ಇಷ್ಟಾನಿಷ್ಟಗಳು ಬಹು ಖಚಿತ. ಅಮೆರಿಕದಲ್ಲಿ ಐರೀನ್ ಪೆಪ್ಪರ್‌ಬರ್ಗ್ ಎಂಬ ವಿದುಷಿ 1977ರಿಂದ ಮೂವತ್ತು ವರ್ಷ ಕಾಲ ಅಲೆಕ್ಸ್ ಎಂಬ ಬೂದುಗಿಳಿಗೆ ಪಾಠ ಹೇಳಿದರು. 2007ರಲ್ಲಿ ಅದು ತೀರಿಕೊಂಡಿತು. ವಸ್ತುಗಳ ಹೆಸರು, ಬಣ್ಣ, ಆಕಾರ, ಸಣ್ಣ ಸಂಖ್ಯೆಗಳನ್ನು ಹೇಳಬಲ್ಲ ಆ ಹಕ್ಕಿ, ಬಾಳೆಹಣ್ಣನ್ನು ಕೇಳಿದಾಗ ಬೇರೆ ಬೀಜವನ್ನು ಕೊಟ್ಟರೆ ಮೌನವಾಗಿ ದುರುಗುಟ್ಟಿ ನೋಡುವುದು, ಮತ್ತೆ ಬಾಳೆಹಣ್ಣನ್ನೇ ಕೇಳುವುದು, ಇಲ್ಲವೇ ಕೊಟ್ಟವರ ಮೇಲೆಯೇ ಬೀಜವನ್ನು ಎಸೆಯುವುದು. ಸೇಬಿಗೆ ಅದು ತನ್ನದೇ ಹೆಸರನ್ನೂ ಕಟ್ಟಿಕೊಂಡಿತು: ಬನಾನ, ಚೆರ್ರಿ ಎಂಬ ತಾನು ಬಲ್ಲ ಎರಡು ಮಾತುಗಳನ್ನು ಬೆಸೆದಂತೆ ‘ಬನೆರ್ರಿ’ ಎಂದಿತು. ಹೊಸದನ್ನು ಹಳೆಯದರ ಮೂಲಕವೇ ಹಿಡಿಯುವ ಈ ಬುದ್ಧಿಯ ಸಂಗತಿ ಮುಂದೆ ನಮಗೆ ತುಂಬ ಉಪಯೋಗಕ್ಕೆ ಬಂದಿತು.

ಮೊದಲು ನಾವು ಮಾಡಿದ ತಪ್ಪುಗಳು. ನೀರಿಗೆ ಜೀವಸತ್ವದ ಹನಿಗಳನ್ನು ಹಾಕಿದೆವು; ನೀರಿನ ಬಣ್ಣ ಕೆಟ್ಟಿತು, ಪಂಡಿತನು ನೀರನ್ನೇ ಕಡಮೆ ಮಾಡಿತು. ಕಾಳಿಗೆ ಔಷಧದ ಪುಡಿಯನ್ನು ಲೇಪಿಸಿದೆವು. ಅದು ಸಿಪ್ಪೆಯೊಡನೆ ಕೆಳಗೆ ಬಿದ್ದಿತು. ಆಗ ನಮ್ಮ ಅತ್ತೆಯವರು, ಐದು ಮಕ್ಕಳನ್ನು ಸಾಕಿದ ಅನುಭವದಿಂದ, “ಅಯ್ಯೋ, ಎರಡು ದಿವಸ ಕಾಳು ನಿಲ್ಲಿಸಿ ನೋಡಿ ಅಂತೀನಿ. ಹೊಟ್ಟೆ ಚುರುಗುಟ್ಟಿದರೆ ಎಲ್ಲಾ ತಿನ್ನತ್ತೆ” ಎಂದರು. ನನಗೂ ಅದು ಸರಿಯೆನ್ನಿಸಿತು. ಅದೃಷ್ಟವಶಾತ್ ವೈದ್ಯರನ್ನು ಕೇಳಿದೆ, ಅವರು ಬೆಚ್ಚಿಬಿದ್ದರು. ಮಗು ಹಸಿದರೆ ಅಳುವುದು. ಗಿಳಿಯು ತಿಳಿಯದ ಆಹಾರದ ಮುಂದೆ ಕುಳಿತು ಸುಮ್ಮನೆ ಸೊರಗುವುದು. ಬೇಟೆಯ ಪ್ರಾಣಿಗಳ ಕಣ್ಣಿಗೆ ಬೀಳದಿರಲೆಂದು ದೌರ್ಬಲ್ಯವನ್ನು ಮರೆಸುವುದು ಅದರ ಸ್ವಭಾವ. 30-40 ಗ್ರಾಂ ತೂಗುವ ಬಜ್ಜರಿಗರ್ ಹಕ್ಕಿಯಂತೂ ಒಂದೆರಡು ದಿನದ ಉಪವಾಸದಲ್ಲಿಯೇ ಪ್ರಾಣ ಬಿಡಬಹುದು.

ಆದುದರಿಂದ ಮೊದಲು ಕೊಂಡದ್ದು ತಕ್ಕಡಿ. ಅಡುಗೆಮನೆಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗುವ ಯಂತ್ರದ ಮೇಲೆ ಒಂದು ಸಣ್ಣ ಮರದ ಅಡ್ಡಕೋಲನ್ನು ನಿಲ್ಲಿಸಿ, ಪ್ರತಿದಿನ ಬೆಳಗ್ಗೆ, ಹಕ್ಕಿ ಮೊದಲ ಹಿಕ್ಕೆಯನ್ನು ಹಾಕಿದ ಮೇಲೆ, ಊಟಕ್ಕೆ ಮುಂಚೆ, ಅದರ ತೂಕವನ್ನು ಬರೆದಿಟ್ಟೆವು. ಆರಂಭದಲ್ಲಿ ಪಂಡಿತನ ತೂಕ 462 ಗ್ರಾಂ. ನೂರಕ್ಕೆ ಹತ್ತರಷ್ಟು ಇಳಿಯಿತೆಂದರೆ, ಎಂದರೆ 416ರ ಹತ್ತಿರಕ್ಕೆ ಬಂದಿತೆಂದರೆ ಪ್ರಯತ್ನವನ್ನೆಲ್ಲ ನಿಲ್ಲಿಸಿ ಹಳೆಯ ಕಾಳನ್ನೇ ಕೊಡಬೇಕೆಂದು ಅಪ್ಪಣೆ. ಹಿಕ್ಕೆಯನ್ನೂ ನೋಡಬೇಕು: ಅದು ಅಲ್ಪವಾಗಿ, ಕಡು ಹಸಿರಾಗಿ ಬಂದರೆ ಹಕ್ಕಿ ತಿನ್ನುತ್ತಿಲ್ಲವೆಂದು ಅರ್ಥ. ಒಂಬತ್ತನೆಯ ದಿನ ತೂಕ 434ಕ್ಕೆ ಇಳಿಯಿತು. ಮೇರೆಗೆ ಇನ್ನೂ ದೂರವಿದ್ದರೂ ಧೈರ್ಯ ಸಾಲದೆ ಆ ಸಂಜೆ ಬಟ್ಟಲು ತುಂಬ ಸೂರ್ಯಕಾಂತಿಯನ್ನು ಸುರಿದೆ. ಅದನ್ನು ಸೋಲೆಂದು ನಾನು ತಿಳಿಯಲಿಲ್ಲ. ತಕ್ಕಡಿಯಿಲ್ಲದಿದ್ದರೆ ಆ ಸಂಜೆಯೂ ‘ಪುಕ್ಕ ಮಿನುಗುತ್ತಿದೆ’ ಎಂದೇ ಅಂದುಕೊಳ್ಳುತ್ತಿದ್ದೆ.

ಕ್ರಮವನ್ನು ಬದಲಾಯಿಸಿದೆವು. ಕಾಡಿನಲ್ಲಿ ಗಿಳಿಗಳು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊಟ್ಟೆ ತುಂಬ ತಿನ್ನುವುವು. ಅದರಂತೆ, ದಿನವೆಲ್ಲ ತುಂಬಿರುತ್ತಿದ್ದ ಬಟ್ಟಲನ್ನು ತೆಗೆದು, ಬೆಳಗ್ಗೆ ಹಸಿವು ಚುರುಕಾಗಿರುವಾಗ ಹೊಸ ಪದಾರ್ಥವನ್ನು ಇಟ್ಟು, ಎರಡು ಗಂಟೆ ಕಳೆದ ಮೇಲೆ ಅಳತೆಯ ಕಾಳನ್ನು ಕೊಡತೊಡಗಿದೆವು. ಹೊಸ ಪದಾರ್ಥವೇನೋ ದಿನವೂ ಕೆಳಗೆ ಬೀಳುತ್ತಿದ್ದಿತು. ಹದಿನೈದು ದಿನವಾದರೂ ಬಾಯಿಗೆ ಹೋಗಲಿಲ್ಲ.

ದಾರಿಯನ್ನು ತೋರಿಸಿದ್ದು ಮೆಣಸಿನಕಾಯಿ. ಗಿಳಿಗೆ ಮೆಣಸಿನಕಾಯಿ ಖಾರವಾಗುವುದಿಲ್ಲವೇ ಎಂದು ಮಕ್ಕಳು ಕೇಳುವುದುಂಟು. ಆಗುವುದಿಲ್ಲ. ನಮ್ಮ ಬಾಯಲ್ಲಿ ಉರಿಯನ್ನು ಅರಿಯುವ ನರದ ದ್ವಾರವೊಂದಿದೆ. ಮೆಣಸಿನಕಾಯಿಯ ಸತ್ವವು ಅದನ್ನು ತೆರೆದು, ಸುಡುತ್ತಿದೆಯೆಂಬ ಸುಳ್ಳು ಸುದ್ದಿಯನ್ನು ಮೆದುಳಿಗೆ ಕಳುಹಿಸುವುದು. ಹಕ್ಕಿಗಳಲ್ಲಿಯೂ ಆ ದ್ವಾರವಿದೆ. ಆದರೆ ಮೆಣಸಿನಕಾಯಿಯ ಸತ್ವಕ್ಕೆ ಅದು ಜಗ್ಗುವುದಿಲ್ಲವೆಂದು 2002ರಲ್ಲಿ ಕೋಳಿಯ ನರದ ಮೇಲೆ ನಡೆಸಿದ ಪರಿಶೋಧನೆಯಿಂದ ಸ್ಥಿರಪಟ್ಟಿತು. ಈ ದ್ವಾರವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಹುಮಾನ ಬಂದಿತು. ಗಿಡಕ್ಕೆ ಇದರಿಂದ ಲಾಭವೇ: ಬೀಜವನ್ನು ಅಗಿದು ಹಾಳುಮಾಡುವ ಇಲಿ ಹೆಗ್ಗಣಗಳು ದೂರವಿರುವುವು, ಬೀಜವನ್ನು ದೂರಕ್ಕೆ ಒಯ್ದು ಬಿತ್ತುವ ಹಕ್ಕಿಗಳು ಹತ್ತಿರ ಬರುವುವು. ಗಿಳಿಯು ಬೀಜವನ್ನು ಒಡೆದೇ ತಿನ್ನುವುದರಿಂದ ಗಿಡದ ಈ ಏರ್ಪಾಟಿಗೆ ಅದು ಕೃತಘ್ನ ಅತಿಥಿಯೆನ್ನಬೇಕು.

ಪಂಡಿತನಿಗೆ ಹಸಿಮೆಣಸಿನಕಾಯಿ ಪರಿಚಿತ. ಆದರೆ ಅದು ಬೀಜವನ್ನು ಆರಿಸಿಕೊಂಡು ಮೈಯನ್ನು ಎಸೆಯುತ್ತಿದ್ದಿತು. ಬೇಕಾದ ಜೀವಸತ್ವ ಇರುವುದೋ ಮೈಯಲ್ಲಿ, ಅದರಲ್ಲಿಯೂ ಹಣ್ಣಾದ ಕೆಂಪು ಕಾಯಿಯ ಮೈಯಲ್ಲಿ. ಒಂದು ದಿನ ನನ್ನ ಹೆಂಡತಿ ಎಣ್ಣೆಗಾಯಿಗೆ ಬದನೆಕಾಯಿಯನ್ನು ಸೀಳುತ್ತಿದ್ದವಳು, ಅದೇ ಚಾಕುವಿನಿಂದ ಒಂದು ದಪ್ಪ ಮೆಣಸಿನಕಾಯಿಯನ್ನು ಸೀಳಿ, ಬೆಂದ ಸಿಹಿಗುಂಬಳವನ್ನು ಕಿವುಚಿ ಅದರೊಳಗೆ ತುಂಬಿ, ಮೇಲೆ ನಾಲ್ಕು ಸೂರ್ಯಕಾಂತಿ ಬೀಜವನ್ನು ಅಂಟಿಸಿ ಕೊಟ್ಟಳು. ಪಂಡಿತನು ಎಂದಿನಂತೆ ಒಳಕ್ಕೆ ಕೊಕ್ಕು ಹಾಕಿತು. ಕೊಕ್ಕು ಕುಂಬಳದಲ್ಲಿ ಹೂತಿತು. ತಲೆಯನ್ನು ಒದರಿತು, ಗೋಡೆಗೆಲ್ಲ ಕುಂಬಳ ಚಿಮ್ಮಿತು. ಕೊಕ್ಕಿನಲ್ಲಿ ಉಳಿದುದನ್ನು ನಾಲಗೆಯಿಂದ ತೆಗೆದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಕೊಕ್ಕು ಹಾಕಿತು. ಆ ಗೋಡೆಯ ಕಲೆಯನ್ನು ನಾವು ಬಹಳ ದಿನ ಒರೆಸಲಿಲ್ಲ.

ಇನ್ನೊಂದು ಉಪಾಯ ಶ್ರೀರಾಮನವಮಿಯ ದಿನ ತಾನಾಗಿ ದೊರೆಯಿತು. ಹೆಸರುಬೇಳೆಯ ಕೋಸಂಬರಿಯನ್ನು ಎಲ್ಲರೂ ಪಂಜರದ ಬಳಿಯೇ ಕುಳಿತು ತಿನ್ನುತ್ತಿದ್ದೆವು. ಪಂಡಿತನು ಒಬ್ಬೊಬ್ಬರ ಕೈಯನ್ನೂ ಬಾಯನ್ನೂ ನೋಡಿ, ಕೊನೆಗೆ ಸರಳುಗಳಿಗೆ ಜೋತುಬಿದ್ದು, “ಕೊಡು, ಕೊಡು” ಎಂದು ಕೂಗಲಾರಂಭಿಸಿತು. ಒಗ್ಗರಣೆ, ಉಪ್ಪು ಸೇರಿಸದೆ ತೆಗೆದಿಟ್ಟಿದ್ದ ಬೇಳೆ ಮತ್ತು ಗಜ್ಜರಿಯ ತುರಿಯನ್ನು, ನಾನು ಒಂದು ತುತ್ತು ತಿಂದು ತೋರಿಸಿ, ಅಂಗೈಯಲ್ಲಿ ಹಿಡಿದೆ. ತಿಂದಿತು! ತಿಂಗಳುಗಟ್ಟಲೆ ಎಸೆದ ಅದೇ ಗಜ್ಜರಿ. ಹಿಂಡು ತಿನ್ನುವುದೇ ಆಹಾರ, ಮತ್ತು ಆ ಹಿಂಡು ನಾವೇ ಎಂಬುದು ಅಂದು ಅರ್ಥವಾಯಿತು. ಅಂದಿನಿಂದ ಬೆಳಗಿನ ಹೊತ್ತು ನಾನು ಅದರ ಎದುರಿಗೆ ಕುಳಿತು ಸಪ್ಪೆ ಗಜ್ಜರಿಯನ್ನು ಅಗಿಯುತ್ತೇನೆ. ನೋಡಿದವರು ನಗುತ್ತಾರೆ, ನಗಲಿ.

ಗುಳಿಗೆಯ ಆಹಾರದ ಮಾತನ್ನೂ ಹೇಳಬೇಕು. ಧಾನ್ಯ, ಕಾಳು, ಜೀವಸತ್ವ, ಲವಣಗಳನ್ನೆಲ್ಲ ಒಟ್ಟಿಗೆ ಅರೆದು ಒತ್ತಿ ಮಾಡಿದ ಗುಳಿಗೆಗಳು, ಪೆಲೆಟ್ ಎಂಬ ಹೆಸರಿನಲ್ಲಿ, ಅಂಗಡಿಗಳಲ್ಲಿ ದೊರೆಯುತ್ತವೆ. ಎಲ್ಲವೂ ಒಂದರೊಳಗೊಂದು ಬೆರೆತಿರುವುದರಿಂದ ಇದು ಬೇಕು ಅದು ಬೇಡವೆಂದು ಹಕ್ಕಿ ಆರಿಸುವಂತಿಲ್ಲ. ಅದರ ಹೆಚ್ಚುಗಾರಿಕೆಯೇ ಅದು. ಬೂದುಗಿಳಿಗೆ ಒಟ್ಟು ಆಹಾರದಲ್ಲಿ ನೂರಕ್ಕೆ ಅರವತ್ತು ಎಪ್ಪತ್ತರಷ್ಟು ಇದಾದರೆ ಒಳ್ಳೆಯದೆಂದು ವೈದ್ಯರ ಮತ. ಮೊದಲು ಪುಡಿಮಾಡಿ, ತುಸು ನೀರು ಚಿಮುಕಿಸಿ ಒದ್ದೆ ಮಾಡಿದ ಬೀಜಗಳಿಗೆ ಹಚ್ಚಿ, ಕ್ರಮೇಣ ಬೀಜವನ್ನು ಕಡಮೆ ಮಾಡುತ್ತ ನಾಲ್ಕು ತಿಂಗಳಿಗೆ ಪಂಡಿತನನ್ನು ಒಪ್ಪಿಸಿದೆವು. ಹೀಗಿದ್ದರೂ, ಒಂದು ಬುದ್ಧಿವಂತ ಜೀವಕ್ಕೆ ಐವತ್ತು ವರ್ಷ ಒಂದೇ ಗುಳಿಗೆಯನ್ನು ಹಾಕುವುದು ನನ್ನ ಮನಸ್ಸಿಗೆ ಒಗ್ಗದು. ಉಳಿದ ಭಾಗವನ್ನು ನಮ್ಮ ಅಡುಗೆಮನೆಯೇ ತುಂಬುತ್ತದೆ: ನುಗ್ಗೆಸೊಪ್ಪು, ಮೆಂತ್ಯದ ಸೊಪ್ಪು, ಸಿಹಿಗುಂಬಳ, ಬೇಯಿಸಿದ ಗೆಣಸು, ಮೊಳಕೆಯ ಹೆಸರುಕಾಳು, ಪರಂಗಿ, ಸೀಬೆ, ದಾಳಿಂಬೆ. ಹಣ್ಣಿನಲ್ಲಿ ಸಕ್ಕರೆಯೇ ಹೆಚ್ಚಾದುದರಿಂದ ಅದು ಸೊಪ್ಪು ತರಕಾರಿಗಿಂತ ಕಡಮೆಯಿರಲಿ. ಪಾಲಕ್ ಸೊಪ್ಪಿನಲ್ಲಿರುವ ಆಕ್ಸಲೇಟು ಸುಣ್ಣವನ್ನು ಕಟ್ಟಿಹಾಕುವುದರಿಂದ ಸುಣ್ಣದ ಆಸೆಯಿಂದ ಅದನ್ನು ಕೊಟ್ಟು ಫಲವಿಲ್ಲ. ನಮ್ಮ ರಾಗಿಯೋ, 100 ಗ್ರಾಮಿಗೆ 340 ಮಿಲಿಗ್ರಾಮಿನ ಸುಮಾರು ಕ್ಯಾಲ್ಸಿಯಂ ಉಳ್ಳದ್ದು. ಉಪ್ಪಿಲ್ಲದ ಮುದ್ದೆಯ ಒಂದು ಚೂರನ್ನು ಪಂಡಿತನು ಕೊಕ್ಕಿಗೆಲ್ಲ ಮೆತ್ತಿಕೊಂಡು ತಿನ್ನುವುದು. ನುಂಗುವ ವಿದ್ಯೆ ಮಾತ್ರ ಇನ್ನೂ ಬಂದಿಲ್ಲ.

ಸುಣ್ಣ ಹೊಟ್ಟೆಗೆ ಹೋದರೆ ಸಾಲದು, ಮೈಗೆ ಹತ್ತಬೇಕು. ಅದಕ್ಕೆ ‘ಡಿ’ ಜೀವಸತ್ವ ಬೇಕು. ಅದಕ್ಕೆ ಬಿಸಿಲು ಬೇಕು. ಕಿಟಕಿಯ ಗಾಜು ಬೇಕಾದ ನೇರಳಾತೀತ ಕಿರಣವನ್ನೇ ತಡೆದುಬಿಡುವುದರಿಂದ, ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ. ಬೆಳಗಿನ ಎಳೆಬಿಸಿಲಿನಲ್ಲಿ, ಪಂಜರದ ಅರ್ಧಕ್ಕೆ ನೆರಳಿರುವಂತೆ, ಬೆಕ್ಕು ಕಾಗೆಗಳಿಂದ ಕಾದುಕೊಂಡು, ಸ್ವಲ್ಪ ಹೊತ್ತು ಹೊರಗಿಡಬೇಕು. ಔಷಧದ ‘ಡಿ’ ಜೀವಸತ್ವವನ್ನು ವೈದ್ಯರನ್ನು ಕೇಳದೆ ಕೊಟ್ಟರೆ ಅತಿಯಾಗಿ ಮೂತ್ರಪಿಂಡಕ್ಕೇ ಕೇಡಾಗಬಹುದು.

ಕೊಡಬಾರದ ಪದಾರ್ಥಗಳೂ ಕೆಲವಿವೆ. ಕೊಡಗಿನ ಕಡೆ ಬೆಳೆಯುವ ಬೆಣ್ಣೆಹಣ್ಣು, ಎಂದರೆ ಬಟರ್‌ಫ್ರೂಟ್, ಗಿಳಿಗೆ ಮಾರಕ ವಿಷ. ಚಾಕೊಲೇಟು, ಕಾಫಿ, ಮದ್ಯ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಹಾಕಿದ ಕುರುಕಲು ತಿಂಡಿ ಇವೂ ಬೇಡ. ಮುದ್ದಿನಿಂದ ಹಾಲು ಅನ್ನ ಹಾಕುವ ಪದ್ಧತಿಯೂ ಸಲ್ಲದು; ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಹಕ್ಕಿಗೆ ಇಲ್ಲ. ಕಡಲೆಕಾಯಿಯ ವಿಷಯದಲ್ಲಿ ಮಾತ್ರ ಒಂದು ಕಥೆಯನ್ನು ಹೇಳಬೇಕಾಗಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಕಾರಣ ತಿಳಿಯದೆ ಅದನ್ನು ‘ಟರ್ಕಿಯ ಎಕ್ಸ್ ರೋಗ’ವೆಂದು ಕರೆದರು. ಹುಡುಕುತ್ತ ಹೋದಾಗ ಆ ಕೋಳಿಗಳಿಗೆ ಹಾಕಿದ ಬ್ರೆಜಿಲ್ ದೇಶದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಹಿಡಿದು ವಿಷ ಹುಟ್ಟಿದ್ದಿತು. ಅಫ್ಲಟಾಕ್ಸಿನ್ ಎಂಬ ವಿಷ ಲೋಕಕ್ಕೆ ತಿಳಿದುಬಂದದ್ದು ಹೀಗೆ. ಮಳೆಗಾಲದಲ್ಲಿ ಡಬ್ಬಿಯೊಳಗೆ ಮುಗ್ಗಿದ ಕಡಲೆಕಾಯಿಯನ್ನು ‘ನಮಗಲ್ಲ, ಗಿಳಿಗೆ ತಾನೇ’ ಎಂದು ಹಾಕುವವರುಂಟು. ನಮ್ಮ ಯಕೃತ್ತಿಗಿಂತ ಅದರ ಯಕೃತ್ತು ಎಷ್ಟು ಸಣ್ಣದೆಂದು ಅವರು ಯೋಚಿಸಿರಲಾರರು.

ಬಜ್ಜರಿಗರ್, ಕಾಕಟೀಲ್‌ಗಳನ್ನು ಸಾಕಿದವರು ನಾನು ಹೇಳಿದ ಅಳತೆಯನ್ನು ಹಾಗೆಯೇ ಹಿಡಿಯಬಾರದು. ಅವು ಹುಲ್ಲುಗಾವಲಿನ ಹಕ್ಕಿಗಳಾದುದರಿಂದ ನವಣೆ, ಸಾಮೆಯಂತಹ ಸಣ್ಣ ಕಾಳು ಅವುಗಳ ಊಟದಲ್ಲಿ ಇರತಕ್ಕದ್ದೇ. ಅದೊಂದೇ ಆಗಬಾರದು, ಅಷ್ಟೆ. ಕೊತ್ತಂಬರಿ ಸೊಪ್ಪಿನ ಕಟ್ಟನ್ನು ನೀರಿನಲ್ಲಿ ಅದ್ದಿ ಪಂಜರದೊಳಗೆ ತೂಗುಹಾಕಿದರೆ, ಒದ್ದೆ ಎಲೆಯಲ್ಲಿ ಮೈಯುಜ್ಜಿ ಸ್ನಾನ ಮಾಡಲು ಬಂದ ಹಕ್ಕಿ ಒಂದೆರಡು ಎಲೆಯನ್ನು ಕಚ್ಚಿ ನೋಡುವುದು. ಕಾಳಿನ ಹಕ್ಕಿಗೆ ಹಸಿರನ್ನು ಕಲಿಸಲು ಇದಕ್ಕಿಂತ ಸುಲಭವಾದ ದಾರಿಯನ್ನು ನಾನು ಕಂಡಿಲ್ಲ. ಜೊತೆಗೆ ಸೊಪ್ಪು ತಿನ್ನುವ ಇನ್ನೊಂದು ಹಕ್ಕಿ ಇದ್ದರಂತೂ ನಮ್ಮ ಕೆಲಸವೇ ಇಲ್ಲ.

ಪಂಡಿತನಿಗೆ ಮತ್ತೆ ಸೆಳೆತ ಬಂದಿಲ್ಲ. ಕಳೆದ ತಪಾಸಣೆಯಲ್ಲಿ ರಕ್ತದ ಸುಣ್ಣ ಸರಿಯಾಗಿದ್ದಿತು. ಅಂಗುಳಿನ ಮೊನೆಗಳು ಕೆಲವು ಮತ್ತೆ ಮೂಡಿದ್ದವು, ಕೆಲವು ಮೂಡಿಲ್ಲ. ಇಂದಿನ ಬೆಳಗಿನ ತೂಕ 451 ಗ್ರಾಂ. ಹಾಗಲಕಾಯಿಯನ್ನು ಈಗಲೂ ಎಸೆಯುವುದು, ಎಸೆದು ಬಗ್ಗಿ ನೋಡುವುದು. ಸೂರ್ಯಕಾಂತಿಯನ್ನು ನಾವು ಪೂರ್ತಿಯಾಗಿ ಬಿಡಿಸಲಿಲ್ಲ. ರಾತ್ರಿ ಪಂಜರಕ್ಕೆ ತೆರೆ ಎಳೆಯುವ ಮುನ್ನ ನಮ್ಮ ಅತ್ತೆಯವರ ಕೈಯಿಂದ ಎಣಿಸಿ ಆರು ಬೀಜ. ಒಂದೊಂದು ದಿನ ಅವರ ಎಣಿಕೆ ತಪ್ಪಿ ಏಳಾಗುವುದೂ ಉಂಟು. ಅದರ ಸಂಜೆಯ ಊಟದ ಹೊತ್ತು ಈಗ ಮೀರುತ್ತಿದೆ, ನನಗೆ ಅಪ್ಪಣೆಯಾಗಬೇಕು.